ಅಪ್ಪ ಕಲಿಸಿದ ಕ್ಷೌರ

ನಾನು ಮೊದಲ ಸಲ ಗದ್ದ ಬೋಳಿಸಿಕೊಂಡಾಗ ನನಗೆ ಇಪ್ಪತ್ಮೂರು ವರ್ಷ. ರೇಜರು ಅಪ್ಪನದು. ನಾರಾಯಣಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಮೈಸೋಪಿನ ನೊರೆಯನ್ನೇ ಸವರಿಕೊಂಡು, ಕುತ್ತಿಗೆಯಿಂದ ಮೇಲಕ್ಕೆ ಎಳೆದು ಎರಡೇ ನಿಮಿಷದಲ್ಲಿ ಮುಗಿಸಿದ್ದೆ. ಹೊರಗೆ ಅಪ್ಪನ ಮಗ್ಗದ ಸದ್ದು ನಡೆದೇ ಇತ್ತು. ಆ ಸದ್ದು ನಿಂತರೆ ಅಪ್ಪ ಎದ್ದ ಎಂದು ಅರ್ಥ. ಹಾಗಾಗಿ ಕೈ ಗದ್ದದ ಮೇಲಿದ್ದರೂ ಜೀವವೆಲ್ಲ ಕಿವಿಯಲ್ಲಿತ್ತು.

ನಾನು ಹೆಣ್ಣುಮಗಳು. ಅದಕ್ಕೇ ಆ ಚಿಲಕ, ಆ ಅವಸರ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗದ್ದದ ಕೆಳಗೆ, ಕುತ್ತಿಗೆ ಶುರುವಾಗುವ ಕಡೆ, ಕಪ್ಪು ಕೂದಲು ಒಂದೊಂದಾಗಿ ಹುಟ್ಟತೊಡಗಿದ್ದವು. ತಲೆಗೂದಲಿನಂತೆ ಮೆತ್ತಗಿರಲಿಲ್ಲ, ಮುಟ್ಟಿದರೆ ಬೆರಳಿಗೆ ಚುಚ್ಚುತ್ತಿದ್ದವು. ಅವ್ವ ಮಧ್ಯಾಹ್ನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಮುಗಿಸಿ, ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು ಚಿಮಟದಿಂದ ಕೀಳುತ್ತಿದ್ದಳು. ಬೀದಿಯಲ್ಲಿ ಯಾರದಾದರೂ ಚಪ್ಪಲಿ ಸಪ್ಪಳ ಕೇಳಿದರೆ ಚಿಮಟ ಸೆರಗಿನೊಳಗೆ ಹೋಗುತ್ತಿತ್ತು. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಎಲ್ಲ ಆಯಿತು. "ನಿಮ್ಮಪ್ಪಗ ಹೇಳಬ್ಯಾಡ" ಎನ್ನುವುದನ್ನು ಮಾತ್ರ ಅವಳು ಒಂದು ದಿನವೂ ಮರೆಯಲಿಲ್ಲ. ನಾಲ್ಕು ವರ್ಷದಲ್ಲಿ ನಾಲ್ಕೈದು ಕೂದಲು ಐವತ್ತು ಅರವತ್ತಾದವು. ಕಿತ್ತ ಜಾಗದಲ್ಲೆಲ್ಲ ಕಪ್ಪು ಕಲೆ ಕೂತವು.

ಆ ಹೊತ್ತಿಗೆ ನಾನು ಊರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗಾದಿಯ ಮೇಲೆ ಕೂತು, ಎದುರಿಗೆ ಕೂತ ಹೆಂಗಸರಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ. ಅಂಚು ನೋಡಲು ಅವರು ಮುಂದಕ್ಕೆ ಬಾಗಿದರೆ ಅವರ ಕಣ್ಣಿಗೂ ನನ್ನ ಗದ್ದಕ್ಕೂ ನಡುವೆ ಒಂದು ಮೊಳವೂ ಇರುತ್ತಿರಲಿಲ್ಲ. ತಲೆಯ ಮೇಲೆ ಬೆಳ್ಳನೆಯ ದೀಪಗಳು. ಕೊರೋನಾ ಕಾಲದಲ್ಲಿ ಮಾಸ್ಕ್ ಬಂದಾಗ ಊರೆಲ್ಲ ಉಸಿರು ಕಟ್ಟುತ್ತದೆಂದು ಗೊಣಗಿತು. ನಾನೊಬ್ಬಳೇ ಆರಾಮಾಗಿ ಉಸಿರಾಡಿದೆ. ಆದರೆ ಎಲ್ಲರೂ ಮಾಸ್ಕ್ ಬಿಟ್ಟು ಎಷ್ಟೋ ತಿಂಗಳಾದರೂ ನಾನು ಬಿಡದಿದ್ದಾಗ ಅಂಗಡಿಯ ಯಜಮಾನಿ ಒಂದು ದಿನ ಕರೆದರು.

"ಇನ್ನೂ ಯಾಕವ್ವ ಅದನ್ನ ಕಟ್ಗೊಂಡಿ? ಗಿರಾಕಿಗೆ ನಿನ್ನ ಮುಖ ಕಾಣಬೇಕು, ನಗು ಕಾಣಬೇಕು. ನಾಳಿಂದ ತೆಗೆದುಬಿಡು."

ಆ 'ನಾಳೆ'ಯ ಬೆಳಿಗ್ಗೆಯೇ ನಾನು ಅಪ್ಪನ ರೇಜರು ತೆಗೆದುಕೊಂಡದ್ದು.

ಒಂದು ದಿನ ಗದ್ದ ಹೂವಿನ ಎಸಳಿನಂತಿತ್ತು. ಅಂಗಡಿಯಲ್ಲಿ ಸುಮ್ಮಸುಮ್ಮನೆ ಕೈಯಾಡಿಸಿ ನೋಡಿಕೊಂಡೆ. ಎರಡನೆಯ ದಿನ ಸಂಜೆಗೆ ಸಣ್ಣಗೆ ತುರಿಕೆ ಶುರುವಾಯಿತು. ಮೂರನೆಯ ದಿನ ಕುತ್ತಿಗೆಯ ತುಂಬ ಕೆಂಪು ಗುಳ್ಳೆ. ಒಂದೊಂದು ಗುಳ್ಳೆಯ ನಡುವೆಯೂ ಒಂದು ಕಪ್ಪು ಚುಕ್ಕಿ. ಮೊಂಡು ಬ್ಲೇಡಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿದ ಕೂದಲು ಹೊರಗೆ ಬರದೆ, ಬಾಗಿ, ಚರ್ಮದೊಳಗೇ ಬೆಳೆಯುತ್ತಿತ್ತು. ಆಗ ಅದು ನನಗೆ ಗೊತ್ತಿರಲಿಲ್ಲ. ಸರಿಯಾಗಿ ಬೋಳಿಸಿಲ್ಲವೆಂದುಕೊಂಡು ಆ ಗುಳ್ಳೆಗಳ ಮೇಲೆಯೇ ಮತ್ತೊಮ್ಮೆ ಎಳೆದೆ. ರಕ್ತ ಬಂತು. ಉಗುರಿನಿಂದ ಒತ್ತಿದೆ, ಕೀವಾಯಿತು. ಪೌಡರು ಬಳಿದೆ, ಬೆವರಿಗೆ ಅದು ಗಟ್ಟಿಯಾಗಿ ಇನ್ನೂ ಉರಿಯಿತು.

ಒಮ್ಮೆ ಮಹಬೂಬನಗರದ ಕಡೆಯ ಒಬ್ಬ ಹೆಂಗಸು ಸೀರೆ ಬಿಟ್ಟು ನನ್ನನ್ನೇ ನೋಡುತ್ತ "ಮುಖಾನಿಕಿ ಏಮೈಂದಮ್ಮಾ?" ಎಂದು, ಮುಖಕ್ಕೇನಾಯಿತೆಂದು ತೆಲುಗಿನಲ್ಲಿ ಕೇಳಿದರು.

"ಅಲರ್ಜಿ" ಎಂದೆ.

"ದೇನಿಕಿ?" ಯಾವುದಕ್ಕೆ ಅಲರ್ಜಿ ಎಂದು ಅವರು ಕೇಳಿದ್ದು. ನನಗೆ ಏನೂ ಹೊಳೆಯದೆ "ಬದನೆಕಾಯಿ" ಎಂದುಬಿಟ್ಟೆ. ಅಲ್ಲಿಂದ ಮುಂದೆ ಅಂಗಡಿಯಲ್ಲಿ ಯಾರ ಡಬ್ಬಿಯಲ್ಲಿ ಬದನೆಕಾಯಿ ಬಂದರೂ ನನಗೆ ಕೊಡುತ್ತಿರಲಿಲ್ಲ. ಆದರೆ ನನ್ನ ಪ್ರಾಣವೆಲ್ಲ ಆ ಐದಾರು ಇಂಚು ಚರ್ಮದಲ್ಲೇ ಇತ್ತು. ಯಾರಿಗೂ ಮುಖದ ಬಲಭಾಗ ಕಾಣದಂತೆ ಕೂರುವುದು, ಗದ್ದಕ್ಕೆ ಕೈ ಕೊಟ್ಟು ಯೋಚಿಸುವಂತೆ ನಟಿಸುವುದು, ಫೋಟೋ ಎಂದರೆ ಹಿಂದೆ ಸರಿಯುವುದು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬೆರಳು ಗದ್ದದ ಮೇಲೆ ಹೋಗಿ ಎಣಿಸುತ್ತಿತ್ತು: ನಿನ್ನೆ ಏಳಿದ್ದವು, ಇವತ್ತು ಒಂಬತ್ತು.

ಅಪ್ಪನಿಗೆ ಗೊತ್ತಾದದ್ದು ಬ್ಲೇಡಿನಿಂದ. ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುತ್ತಿದ್ದವನು ಅವನು. ಒಂದು ಬ್ಲೇಡು ಎಷ್ಟು ಸಲ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಏನು, ಈಗಿನ ಬ್ಲೇಡ್ ಎರಡ ದಿನಕ್ಕ ಸಾಯಾಕತ್ಯಾವ" ಎಂದು ಎರಡು ಸಲ ಅವ್ವನ ಮುಂದೆ ಅಂದ. ಅವ್ವ ಕಂಡಿಕೆಯಿಂದ ತಲೆ ಎತ್ತಲಿಲ್ಲ. ಮೂರನೆಯ ಸಲ ಅಪ್ಪ ಆ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

ಒಂದು ರವಿವಾರ ಅವ್ವ ಸಂತೆಗೆ ಹೋಗಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ಮಗ್ಗದ ಸದ್ದು ಫಕ್ಕನೆ ನಿಂತಿತು. ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ಗದ್ದ ಮ್ಯಾಲೆತ್ತು ನೋಡೂಣು."

ಕೈಯಲ್ಲಿದ್ದ ಅಕ್ಕಿ ಮೊರಕ್ಕೆ ಉದುರಿತು. "ಏನಿಲ್ಲ ಬಿಡಪ್ಪ, ಅಲರ್ಜಿ ಆಗೈತಿ."

"ಅಲರ್ಜಿ ಅಲ್ಲದು. ಬ್ಲೇಡಿನ ಗುಳ್ಳಿ. ನನ್ನ ಕುತ್ತಿಗೀಗೆ ಹತ್ತು ವರ್ಷ ಇದ್ದವು, ನಂಗ ಗೊತ್ತಿಲ್ಲೇನು?" ಎಂದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಳು ಬಂತು. ಅಪ್ಪ ನನ್ನ ಮುಖ ನೋಡದೆ, ಮೊರದಲ್ಲಿದ್ದ ಅಕ್ಕಿಯನ್ನು ಬೆರಳಿಂದ ಅತ್ತಿತ್ತ ಸರಿಸುತ್ತ, ನಾನು ಅತ್ತು ಮುಗಿಸುವವರೆಗೂ ಸುಮ್ಮನೆ ಕೂತಿದ್ದ.

"ಎಷ್ಟ ದಿನದಿಂದ?"

"ನಾಲ್ಕ ವರ್ಷ ಆತು. ಬ್ಲೇಡ್ ಹಚ್ಚಾಕತ್ತು ಎರಡ ತಿಂಗಳು."

"ನಾಲ್ಕ ವರ್ಷ!" ಎಂದು ಅವನು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದ. ಆಮೇಲೆ ಕೆಲಸಗಾರನ ದನಿಯಲ್ಲಿ ಹೇಳಿದ: "ಇವತ್ತಿಂದ ಹತ್ತ ದಿನ ಏನೂ ಮುಟ್ಟಬ್ಯಾಡ. ರೇಜರ್ ಬ್ಯಾಡ, ಚಿಮಟ ಬ್ಯಾಡ, ಉಗುರು ಬ್ಯಾಡ. ಮೊದಲ ತೊಗಲು ಮಾಯಲಿ. ಆಮ್ಯಾಲ ನಾ ತೋರಸ್ತೀನಿ."

"ಹತ್ತ ದಿನ ಬಿಟ್ರ ಗಡ್ಡ ಕಾಣ್ತೈತಿ ಯಪ್ಪಾ. ಅಂಗಡಿಗೆ ಹೆಂಗ ಹೋಗಲಿ?"

"ಮಾಸ್ಕ್ ಹಾಕ್ಕೊ. ನೆಗಡಿ ಅನ್ನು. ಸುಳ್ಳು ಹೇಳೂದು ನಿಂಗ ಹೊಸದೇನಲ್ಲಲ್ಲ." ಅಷ್ಟು ಅಂದು ಎದ್ದು ಹೋದ. ಮಗ್ಗದ ಸದ್ದು ಮತ್ತೆ ಶುರುವಾಯಿತು.

ಆ ಹತ್ತು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆಳಿಗ್ಗೆ ಸಂಜೆ ಗದ್ದಕ್ಕೆ ಇಟ್ಟುಕೊಳ್ಳಲು ಅಪ್ಪ ಹೇಳಿದ್ದ. ಗುಳ್ಳೆಗಳು ದಿನದಿನಕ್ಕೆ ಕುಗ್ಗುತ್ತಿದ್ದವು, ಕೂದಲು ದಿನದಿನಕ್ಕೆ ಉದ್ದವಾಗುತ್ತಿತ್ತು. ಒಂದಕ್ಕೆ ಸಮಾಧಾನಪಡಲು ಇನ್ನೊಂದು ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಮಾಸ್ಕಿನ ದಾರ ಎಲ್ಲಿ ಕಳಚೀತೋ ಎಂದು ಎರಡು ಮಾಸ್ಕ್ ಹಾಕಿಕೊಂಡೆ. ಯಾರ ಜೊತೆಗೂ ಊಟಕ್ಕೆ ಕೂರಲಿಲ್ಲ. ಏಳನೆಯ ದಿನ ಯಜಮಾನಿ "ಇನ್ನೂ ನೆಗಡಿ ಹೋಗಿಲ್ಲೇನು?" ಎಂದಾಗ ಕೆಮ್ಮಲು ಹೋಗಿ ನಿಜವಾಗಿಯೂ ಉಸಿರು ಸಿಕ್ಕಿಕೊಂಡಿತು.

ಅದರ ನಡುವೆ ಅಪ್ಪ ನನ್ನನ್ನು ಸರ್ಕಾರಿ ದವಾಖಾನೆಗೂ ಕರೆದುಕೊಂಡು ಹೋದ. ಅವನು ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಡಾಕ್ಟರಮ್ಮ ನಾನು ಮಾಸ್ಕ್ ಇಳಿಸಿದ ಕೂಡಲೇ ಏನೂ ಅಚ್ಚರಿಪಡದೆ ಮುಟ್ಟಿನ ಬಗ್ಗೆ ಕೇಳಿದರು. ಸರಿಯಾಗಿ ಬರುತ್ತಿರಲಿಲ್ಲ. ಹೊಟ್ಟೆಯ ಸ್ಕ್ಯಾನ್ ಆಯಿತು, ರಕ್ತಪರೀಕ್ಷೆ ಆಯಿತು. ಹಾರ್ಮೋನು ಏರುಪೇರಾಗಿದೆ, ಮಾತ್ರೆ ತಗೋಬೇಕು, ಮುಂದೆ ಮಕ್ಕಳಾಗುವುದು ತಡವಾಗಬಹುದು, ಹೀಗೆ ಬಹಳ ಹುಡುಗಿಯರು ಬರುತ್ತಾರೆ ಎಂದು ತೆಲುಗಿನಲ್ಲಿ ಹೇಳಿದರು. ಬೋಳಿಸಿದರೆ ಕೂದಲು ದಪ್ಪಗಾಗುತ್ತದೆಯೇ ಎಂದು ಕೇಳಿದೆ. ಅವರು ನಕ್ಕರು. ದಪ್ಪವೂ ಆಗದು, ಹೆಚ್ಚೂ ಆಗದು, ತುದಿ ಮೊಂಡಾಗುವುದರಿಂದ ಹಾಗೆ ಅನಿಸುತ್ತದೆ ಅಷ್ಟೇ ಎಂದರು. ಆದರೆ ಗುಳ್ಳೆ ಒತ್ತಬಾರದು, ಒಳಗೆ ಸೇರಿದ ಕೂದಲನ್ನು ಅಗೆದು ತೆಗೆಯಬಾರದು ಎಂದು ಖಡಕ್ಕಾಗಿ ಹೇಳಿದರು. ಹೊರಗೆ ಬಂದಾಗ ಅಪ್ಪ "ಏನಂದ್ರು?" ಎಂದ. "ಮಾತ್ರಿ ಕೊಟ್ಟಾರ" ಎಂದೆ. ಅದಕ್ಕಿಂತ ಹೆಚ್ಚಿಗೆ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಬಚ್ಚಲ ಹೊರಗಿನ ಗೋಡೆಗೆ ಅಪ್ಪ ಒಂದು ಕನ್ನಡಿ ತೂಗುಹಾಕಿದ. ಹೊಸ ರೇಜರು, ಹೊಸ ಬ್ಲೇಡು, ಕ್ರೀಮು, ಬ್ರಷ್ಷು ಎಲ್ಲ ನನಗೆಂದೇ ಒಂದೊಂದು ತಂದಿದ್ದ. ಅಂಗಳದ ಬಾಗಿಲು ಹಾಕಿದ. ಅವ್ವ ನಡುಮನೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ತನ್ನಷ್ಟಕ್ಕೇ ಅನ್ನುತ್ತಿದ್ದಳು: "ಹೆಣ್ಣಮಗಳ ಕೈಯಾಗ ರೇಜರ್ ಕೊಡಾಕತ್ತೀರಿ. ನಾಳಿ ಯಾರರ ನೋಡಿದ್ರ ಸಂಬಂಧಕ್ಕ ನಮ್ಮ ಬಾಗಿಲಿಗೆ ಬರ್ತಾರೇನ್ರಿ?"

ಬೆಳೆದ ಮಗಳ ಮುಖ ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಅಪ್ಪ ತನ್ನ ಮುಖದ ಮೇಲೇ ತೋರಿಸಿದ, ನಾನು ಪಕ್ಕದಲ್ಲಿ ನಿಂತು ಅವನನ್ನು ನೋಡಿ ನನ್ನ ಮುಖದ ಮೇಲೆ ಮಾಡಿದೆ. ಒಂದು ಕನ್ನಡಿಯಲ್ಲಿ ಇಬ್ಬರ ಗದ್ದ.

"ಮೊದಲ ಬೆರಳಾಡಿಸಿ ನೋಡು. ಯಾವ ಕಡೆ ಎಳದ್ರ ನುಣ್ಣಗ ಹತ್ತತೈತಿ, ಯಾವ ಕಡೆ ಚುಚ್ಚತೈತಿ? ಎಲ್ಲಾ ಕಡೆ ಒಂದ ದಿಕ್ಕಿಗಿರೂದಿಲ್ಲ ಅದು. ನಂದು ಬಲಕ್ಕ ಓರಿ ಐತಿ."

ಬೆರಳಾಡಿಸಿದೆ. ನನ್ನದು ಗದ್ದದ ಕೆಳಗೆ ಕೆಳಮುಖ, ಕುತ್ತಿಗೆಯ ಎಡಕ್ಕೆ ಅಡ್ಡ. ನಾಲ್ಕು ವರ್ಷ ದಿನಕ್ಕೆ ನೂರು ಸಲ ಮುಟ್ಟಿದ್ದೆ, ಇದನ್ನು ಗಮನಿಸಿರಲಿಲ್ಲ.

"ಹಾಸಿನ ನೂಲಿಗೆ ಗಂಜಿ ಹಚ್ಚುವಾಗ ಕುಂಚ ಹೆಂಗ ಎಳೀತೀವಿ? ಒಂದ ಕಡಿಗೆ. ಉಲ್ಟಾ ಎಳದ್ರ ಎಳಿ ಎಲ್ಲಾ ಎದ್ದು ನಿಂದರ್ತಾವ. ಇದೂ ಹಂಗ. ಕೂದಲು ಹೊಂಟ ಕಡಿಗೇ ಬ್ಲೇಡ್ ಹೋಗಬೇಕು."

ಹತ್ತು ದಿನ ಬೆಳೆದದ್ದನ್ನು ಮೊದಲು ಕತ್ತರಿಯಿಂದ ಗಿಡ್ಡ ಮಾಡಿಸಿ, ಬಿಸಿನೀರ ಬಟ್ಟೆ ಇಟ್ಟು ಕೂದಲು ಮೆತ್ತಗಾಗಲು ಬಿಟ್ಟ. ನೊರೆ ಹಚ್ಚಿ ಕೂಡಲೇ ಎಳೆಯಲು ಬಿಡಲಿಲ್ಲ, "ತಡಿ, ನೀರು ಕುಡೀಲಿ" ಎಂದ. ನಾನು ಅಭ್ಯಾಸಬಲದಿಂದ ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿದೆ. "ಬಿಡು, ಬಿಡು. ಎಳದ ಹಿಡದ್ರ ಕೂದಲು ತೊಗಲಿನ ಒಳಗ ಕಡದುಹೋಗತೈತಿ, ಆಮ್ಯಾಲ ಅಲ್ಲೇ ಸುತ್ತತೈತಿ. ಒತ್ತಬ್ಯಾಡ, ರೇಜರಿನ ಭಾರನ ಸಾಕು." ಸಣ್ಣ ಸಣ್ಣ ಎಳೆತ. ಪ್ರತಿ ಎಳೆತಕ್ಕೂ ಬ್ಲೇಡು ನೀರಲ್ಲಿ ಅದ್ದುವುದು. ಒಮ್ಮೆ ಹೋದ ಕಡೆ ನೊರೆಯಿಲ್ಲದೆ ಮತ್ತೆ ಹೋಗಬಾರದು. ಪೂರಾ ನುಣ್ಣಗಾಗಲಿಲ್ಲ ಎಂದೆ. "ಪೂರಾ ನುಣ್ಣಗ ಆಗೂದು ಬ್ಯಾಡ. ನುಣ್ಣಗ ಆಗಲಿ ಅನ್ನೂ ಆಸೀಗೇ ಗುಳ್ಳಿ ಬರೂದು" ಎಂದ. ಕೊನೆಗೆ ತಣ್ಣೀರು, ಒರೆಸದೆ ಒತ್ತಿ ಆರಿಸುವುದು, ಒಂದು ಚೂರು ಕೊಬ್ಬರಿ ಎಣ್ಣೆ. ಮಧ್ಯೆ ಎರಡು ದಿನ ಬಿಡಬೇಕು, ನಾಲ್ಕೈದು ಸಲಕ್ಕೆ ಬ್ಲೇಡು ಎಸೆಯಬೇಕು.

"ಇದೆಲ್ಲಾ ನಿಂಗ ಯಾರ್ ಕಲಿಸಿದ್ರು?" ಎಂದೆ.

"ಗದ್ವಾಲದಾಗ ಮಗ್ಗದ ಕೆಲಸಕ್ಕಿದ್ನಲ್ಲ, ಆಗ ಒಬ್ಬ ಕ್ಷೌರದ ಮುದುಕ ಇದ್ದ. ನನ್ನ ಕುತ್ತಿಗಿ ನೋಡಿ ಬೈದು ಕಲಿಸಿದ." ಮುಖ ತೊಳೆದು ಮಗ್ಗಕ್ಕೆ ಹೋದ.

ಎರಡು ತಿಂಗಳಲ್ಲಿ ಗುಳ್ಳೆ ನಿಂತವು. ಕಲೆ ಉಳಿದವು, ಆದರೆ ಅವು ಉರಿಯುತ್ತಿರಲಿಲ್ಲ. ಭಯ ಮಾತ್ರ ಗುಳ್ಳೆಯ ಜೊತೆ ಹೋಗಲಿಲ್ಲ. ಅದಕ್ಕೆ ಇನ್ನೊಂದು ಕಾರಣ ಬಂತು: ಗದ್ವಾಲದಿಂದ ಸಂಬಂಧ.

ಹುಡುಗ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ತಂದೆ ಇಲ್ಲ, ತಾಯಿ ಮತ್ತು ಅವನು ಇಬ್ಬರೇ. ಶುಕ್ರವಾರ ಬೆಳಿಗ್ಗೆ ಮಕ್ತಲ್ ಮೇಲಿಂದ ಬರುವ ಬಸ್ಸಿಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಗುರುವಾರ ಸಂಜೆ ನಾನು ಅಪ್ಪ ಹೇಳಿದಂತೆ ನಿಧಾನವಾಗಿ ಮುಗಿಸಿದೆ. ಅವ್ವ ಬಂದು ಗದ್ದ ಮುಟ್ಟಿ ನೋಡಿದಳು.

"ಇನ್ನೂ ಚುರ್ ಚುರ್ ಅಂತೈತಲ್ಲೇ. ಅವರವ್ವ ಗಲ್ಲ ಹಿಡಿದು ನೋಡಿದ್ರ? ಒಂದ ಸಲ ಉಲ್ಟಾ ಎಳದುಬಿಡು, ನಾಳಿ ಒಂದ ದಿನ ನುಣ್ಣಗಿದ್ರ ಸಾಕು."

"ಅಪ್ಪ ಬ್ಯಾಡ ಅಂದಾನ."

"ಅಪ್ಪಗೇನು ಗೊತ್ತು? ಗಂಡಸರ ಗದ್ದ ಹಿಡಿದು ನೋಡಾಕ ಯಾರರ ಬರ್ತಾರೇನು?"

ಅವಳ ಭಯ ನನ್ನದನ್ನೂ ಹೆಚ್ಚಿಸಿತು. ಚರ್ಮ ಎಳೆದು ಹಿಡಿದೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ಎಳೆದೆ. ಗಾಜಿನಷ್ಟು ನುಣುಪಾಯಿತು. ಅವ್ವ ಮುಟ್ಟಿ ನೋಡಿ ಕಣ್ಣಿಗೊತ್ತಿಕೊಂಡಳು.

ಬೆಳಿಗ್ಗೆ ಕನ್ನಡಿ ನೋಡಿದರೆ ಕುತ್ತಿಗೆಯ ಮೇಲೆ ಕೆಂಪಗೆ ದದ್ದು ಎದ್ದಿತ್ತು. ಅದರ ನಡುವೆ ಆರು ಗುಳ್ಳೆ, ಗದ್ದದ ತುದಿಯಲ್ಲಿ ಒಂದು ಗಾಯ. ಹನ್ನೊಂದಕ್ಕೆ ಅವರು ಬರುವವರಿದ್ದರು. ಅವ್ವ ಓಣಿಯ ಯಾರದೋ ಮನೆಯಿಂದ ಮೇಕಪ್ಪಿನ ಡಬ್ಬಿ ತಂದು ಬಳಿಯಲು ಬಂದಳು. ಅಪ್ಪ ಅಡ್ಡ ನಿಂತ. ಅವನು ಸಿಟ್ಟಾಗಿದ್ದನ್ನು ನಾನು ನೋಡಿದ್ದು ಕಡಿಮೆ.

"ಅದನ್ನ ಹಚ್ಚಿದ್ರ ಹನ್ನೊಂದರ ಹೊತ್ತಿಗೆ ಇನ್ನೂ ಉಬ್ಬತೈತಿ. ತಣ್ಣೀರ ಬಟ್ಟಿ ಇಡು, ಮುಟ್ಟಬ್ಯಾಡ. ಇದ್ದಂಗ ಇರಲಿ."

"ಇದ್ದಂಗ ಇದ್ರ ಒಪ್ಪತಾರೇನ್ರಿ?" ಅವ್ವ ಅತ್ತುಬಿಟ್ಟಳು.

"ಒಪ್ಪದಿದ್ರ ಬಿಡಲಿ" ಎಂದ ಅಪ್ಪ. ಆದರೆ ಅವನೂ ಅಂದು ಬೆಳಿಗ್ಗೆ ಮಗ್ಗಕ್ಕೆ ಕೂರಲಿಲ್ಲ.

ಅವರು ಬಂದರು. ಚಹಾದ ತಟ್ಟೆ ಹಿಡಿದು ಹೋದೆ. ಅವನ ತಾಯಿ ಗಲ್ಲ ಹಿಡಿಯಲಿಲ್ಲ. ಆದರೆ ನೋಡಿದರು, ಒಮ್ಮೆ ಕುತ್ತಿಗೆಯನ್ನು, ಒಮ್ಮೆ ಕಣ್ಣನ್ನು. ಆಮೇಲೆ ಹುಡುಗ ಹುಡುಗಿ ಮಾತಾಡಲಿ ಎಂದು ನಮ್ಮಿಬ್ಬರನ್ನು ಮಗ್ಗದ ಕೋಣೆಗೆ ಕಳಿಸಿದರು. ಅವನು ಅರ್ಧ ನೇಯ್ದ ಸೀರೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ತಪ್ಪು ತಿಳೀಬ್ಯಾಡ್ರಿ. ಕುತ್ತಿಗೀಗೆ ಏನಾಗೈತ್ರಿ?"

ಅಲರ್ಜಿ ಎನ್ನಬೇಕೆಂದಿದ್ದೆ. ಬದನೆಕಾಯಿ ನೆನಪಾಯಿತು. ಜೀವನವಿಡೀ ಇವನ ಮನೆಯಲ್ಲಿ ಬದನೆಕಾಯಿ ತಿನ್ನದೆ ಇರಬೇಕಾದೀತು ಎಂಬ ಹುಚ್ಚು ಯೋಚನೆ ಬಂದು, ಬಾಯಿಂದ ನಿಜವೇ ಹೊರಬಿತ್ತು.

"ಶೇವಿಂಗ್ ಮಾಡ್ಕೊಂಡೀನ್ರಿ. ನಂಗ ಗದ್ದಕ್ಕ ಕೂದಲು ಬರ್ತಾವ. ಡಾಕ್ಟ್ರಿಗೆ ತೋರಿಸೀವಿ, ಹಾರ್ಮೋನಿಂದು. ಮಾತ್ರಿ ತಗೋತೀನಿ. ಮಕ್ಕಳಾಗೂದು ತಡ ಆದ್ರ ಆಗಬಹುದು ಅಂದಾರ." ಒಂದೇ ಉಸಿರಿಗೆ ಹೇಳಿದೆ. ಹೇಳಿದ ಮೇಲೆ ಮಗ್ಗದ ಕಂಬ ಹಿಡಿದುಕೊಂಡೆ.

ಅವನು ತನ್ನ ಅಂಗಿಯ ಕಾಲರನ್ನು ಬೆರಳಿಂದ ಸ್ವಲ್ಪ ಸರಿಸಿದ. ಅವನ ಕುತ್ತಿಗೆಯೂ ಕೆಂಪಾಗಿತ್ತು, ಸಣ್ಣ ಗುಳ್ಳೆಗಳೆದ್ದಿದ್ದವು.

"ನಾನೂ ಮುಂಜಾನಿ ಮಕ್ತಲ್ ಬಸ್‌ಸ್ಟ್ಯಾಂಡ್ ಕಡೆ ಮಾಡಿಸ್ಕೊಂಡೆ. ಚೆಂದ ಕಾಣಬೇಕು, ಎರಡ ಸಲ ಹೊಡಿ ಅಂದೆ. ಆಗಿಂದ ಉರಿಯಾಕತ್ತೈತ್ರಿ" ಎಂದ.

ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ. "ಪೌಡರ್ ಹಚ್ಚಬ್ಯಾಡ್ರಿ, ತಣ್ಣೀರ ಬಟ್ಟಿ ಇಡ್ರಿ" ಎಂದಷ್ಟೇ ಹೇಳಿದೆ. ಹೊರಗಿನಿಂದ ಕರೆದರು, ಹೋದೆವು.

ಹತ್ತೊಂಬತ್ತು ದಿನ ಸುದ್ದಿಯಿಲ್ಲ. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಳು, ನಾನು ಹುಡುಗನಿಗೆ ಹೇಳಿಬಿಟ್ಟೆ ಎಂಬ ಸಿಟ್ಟು. ನನಗೆ ಅವರು ಬೇಡವೆನ್ನುತ್ತಾರೆ ಎಂಬುದಕ್ಕಿಂತ, ಗದ್ವಾಲದಲ್ಲಿ ಈ ಮಾತು ಯಾರ ಯಾರ ಬಾಯಿಗೆ ಹೋಗಿದೆಯೋ ಎಂಬುದೇ ದೊಡ್ಡ ಚಿಂತೆಯಾಯಿತು. ಅಂಗಡಿಗೆ ಗದ್ವಾಲದವರು ಯಾರೇ ಬಂದರೂ ಒಳಗೆ ಹೋಗಿ ಸೀರೆ ಮಡಚುತ್ತ ನಿಲ್ಲುತ್ತಿದ್ದೆ. ಇಪ್ಪತ್ತನೆಯ ದಿನ ಅವನೇ ಅಪ್ಪನ ಫೋನಿಗೆ ಮಾಡಿದ. ಅಪ್ಪ ಫೋನು ನನ್ನ ಕೈಗೆ ಕೊಟ್ಟ.

"ನಾನು ನಮ್ಮವ್ವಗ ಅದನ್ನ ಹೇಳಿಲ್ರಿ" ಎಂದ. "ಹೇಳೂದು ಬಿಡೂದು ನಿಮ್ಮ ಕೈಯಾಗ. ನಂಗೇನೂ ಅಡ್ಡಿಯಿಲ್ಲ."

ಮದುವೆಯಾಯಿತು. ಗದ್ವಾಲದ ಮನೆಗೆ ಹೋದೆ. ಅವನು ಹೇಳಿಲ್ಲವೆಂದ ಮಾತು ನನಗೆ ವರದಂತೆ ಕೇಳಿಸಿತ್ತು, ಆದರೆ ಆ ಗುಟ್ಟನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಇದ್ದದ್ದು ಒಂದು ಬಚ್ಚಲು. ಮೂರು ದಿನಕ್ಕೊಮ್ಮೆ ಅತ್ತೆ ಹಾಲು ತರಲು ಹೋದಾಗಲೇ ಆಗಬೇಕು. ಅವರು ಹೋಗಿ ಬರಲು ಹಿಡಿಯುವುದು ಹದಿನೈದು ನಿಮಿಷ, ಬಟ್ಟೆ ಇಟ್ಟು ನೊರೆ ನೆನೆಯಲು ಬಿಟ್ಟು ನಿಧಾನವಾಗಿ ಮಾಡಿದರೆ ನನಗೆ ಬೇಕಾಗುವುದು ಇಪ್ಪತ್ತು. ಆ ಐದು ನಿಮಿಷ ಉಳಿಸಲು ಅವಸರ ಮಾಡಿದ ದಿನಗಳಲ್ಲೆಲ್ಲ ಎರಡೋ ಮೂರೋ ಗುಳ್ಳೆ ಏಳುತ್ತಿದ್ದವು. ಅತ್ತೆ ಕೆಟ್ಟವರಲ್ಲ. ಆದರೆ ಮಾತು ಕಡಿಮೆ, ನೋಟ ಹೆಚ್ಚು. ಅವರು ನನ್ನ ಕಡೆ ತಿರುಗಿದರೆ ಸಾಕು, ಕೈ ತಾನಾಗಿ ಗದ್ದಕ್ಕೆ ಹೋಗುತ್ತಿತ್ತು.

ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ದವಾಖಾನೆಯಲ್ಲಿ ಸೇರಿಸಿದರು. ಪ್ಲೇಟ್‌ಲೆಟ್ ಬಹಳ ಕೆಳಗೆ ಇಳಿದಿತ್ತು. ನರ್ಸಮ್ಮ ಮೊದಲ ದಿನವೇ ಹೇಳಿದರು: ಗಟ್ಟಿ ಬ್ರಷ್ಷಿನಿಂದ ಹಲ್ಲುಜ್ಜಬಾರದು, ಕೆರೆದುಕೊಳ್ಳಬಾರದು, ಎಲ್ಲೂ ಗಾಯವಾಗಬಾರದು, ರಕ್ತ ಬಂದರೆ ನಿಲ್ಲುವುದು ಕಷ್ಟ.

ಜ್ವರದ ಮಂಪರಿನಲ್ಲೂ ನನಗೆ ದಿನದ ಲೆಕ್ಕ ತಪ್ಪಲಿಲ್ಲ. ಕೊನೆಯ ಸಲ ಮಾಡಿಕೊಂಡದ್ದು ಸೋಮವಾರ. ಗುರುವಾರದ ಹೊತ್ತಿಗೆ ಬೆರಳಿಗೆ ಹತ್ತುತ್ತಿತ್ತು. ಶನಿವಾರ ಕಣ್ಣಿಗೆ ಕಾಣುವಂತಾಗಿರಬೇಕು. ಕನ್ನಡಿ ಇರಲಿಲ್ಲ. ಗಂಡ ಬಂದಾಗ ಪಿಸುಗುಟ್ಟಿದೆ: "ರೇಜರ್ ತಂದುಕೊಡ್ರಿ. ಚಾದರದ ಒಳಗ ಮಾಡ್ಕೋತೀನಿ."

"ಹುಚ್ಚೇನ್ ನಿಂಗ? ನರ್ಸ್ ಏನ್ ಹೇಳ್ಯಾರ? ಒಂದ ಸಣ್ಣ ಗೀರು ಬಿದ್ರ?"

"ನಿಮ್ಮವ್ವ ಇಲ್ಲೇ ಕುಂತಿರ್ತಾರ್ರಿ ದಿನಾ."

"ಕುಂತಿರಲಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಬಂದ ರೋಗ ಪ್ರಾಣಕ್ಕೆ ಕುತ್ತು ತರುವಂಥದು ಎಂದು ನನಗೆ ಹೊಳೆದದ್ದೇ ಆಗ. ಐದು ದಿನದಿಂದ ನಾನು ಹೆದರುತ್ತಿದ್ದದ್ದು ಕೂದಲಿಗೆ.

ಅತ್ತೆ ಬೆಳಿಗ್ಗೆ ಗಂಜಿ ತಂದು, ಸಂಜೆಯವರೆಗೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಚಮಚದಿಂದ ಕುಡಿಸುತ್ತಿದ್ದರು. ಕುಡಿಸುವಾಗ ಗದ್ದದ ಮೇಲೆ ಚೆಲ್ಲಿದ್ದನ್ನು ಒರೆಸುತ್ತಿದ್ದರು. ಒರೆಸುವ ಬಟ್ಟೆಗೆ ಕೂದಲು ತೊಡರುವುದು ನನಗೆ ತಿಳಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ರವಿವಾರ ಇಟಿಕ್ಯಾಲದಿಂದ ಅವರ ತವರಿನವರು ನಾಲ್ಕೈದು ಮಂದಿ ನೋಡಲು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ಗದ್ದ ಮುಚ್ಚಿಕೊಳ್ಳಲು ಹೋದೆ. ಕೈಗೆ ಸಲೈನ್ ಸೂಜಿಯಿತ್ತು, ಎತ್ತಲಾಗಲಿಲ್ಲ. ಅಷ್ಟರಲ್ಲಿ ಅತ್ತೆ ಎದ್ದು, ಚಾದರವನ್ನು ನನ್ನ ತುಟಿಯವರೆಗೆ ಎಳೆದು ಎರಡೂ ಕಡೆ ಒತ್ತಿ ಸಿಗಿಸಿದರು.

"ಭಾಳ ಚಳಿ ಹತ್ತೈತಿ ಆಕಿಗೆ. ದೂರ ನಿಂತ ಮಾತಾಡಸ್ರಿ" ಎಂದರು ಬಂದವರಿಗೆ.

ನನ್ನ ಮಾನ ಕಾಪಾಡಿದರೋ, ತಮ್ಮ ಮನೆಯ ಮಾನ ಕಾಪಾಡಿದರೋ, ಅಥವಾ ನಿಜವಾಗಿಯೂ ಚಳಿಯೆಂದೇ ತಿಳಿದರೋ ನನಗೆ ಗೊತ್ತಾಗಲಿಲ್ಲ. ಆ ಮಧ್ಯಾಹ್ನವೆಲ್ಲ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ.

ಮಂಗಳವಾರ ಮನೆಗೆ ಕಳಿಸಿದರು. ಪ್ಲೇಟ್‌ಲೆಟ್ ಏರುತ್ತಿತ್ತು, ಪೂರ್ತಿ ಏರಿರಲಿಲ್ಲ. ಗುರುವಾರ ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಹುಷಾರಾಗಿರಬೇಕೆಂದು ಹೇಳಿದ್ದರು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಕನ್ನಡಿ ನೋಡಿದ್ದು. ಎಂಟು ದಿನದ ಕೂದಲು. ಅದರ ಕೆಳಗೆ ಚರ್ಮ ಮಾತ್ರ ತಿಳಿಯಾಗಿತ್ತು, ಒಂದೂ ಗುಳ್ಳೆ ಇಲ್ಲ. ನಾಳೆ ಓಣಿಯವರು ಮಾತಾಡಿಸಲು ಬರುತ್ತಾರೆ. ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ, ಚಿಲಕ ಹಾಕಿದೆ, ಗೋಡೆಯ ಮಾಡದೊಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ರೇಜರು ತೆಗೆದೆ. ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಬ್ಲೇಡು ಹಿಡಿದರೆ ಏನಾಗುತ್ತದೆಂದು ಗೊತ್ತಿದ್ದೂ ನೊರೆ ಹಚ್ಚಿಕೊಂಡೆ.

ಬಾಗಿಲು ತಟ್ಟಿದ ಸದ್ದಾಯಿತು.

"ರೇಜರ್ ತೆಳಗಿಡು" ಎಂದರು ಅತ್ತೆ ಹೊರಗಿನಿಂದ.

ನಾನು ರೇಜರು ಹಿಡಿದೇ ನಿಂತಿದ್ದೆ.

"ಕೇಳಸ್ತಿಲ್ಲೇನು? ರಗತ ಹೊಂಟ್ರ ನಿಲ್ಲೂದಿಲ್ಲ ಅಂತ ಡಾಕ್ಟ್ರು ಹೇಳ್ಯಾರ. ಗುರುವಾರ ನೋಡ್ತಾರಲ್ಲ, ಅವರು ಹೂಂ ಅಂದ ಮ್ಯಾಲ ಮಾಡ್ಕೊ. ಅಲ್ಲಿತನಾ ಯಾರರ ಬಂದ್ರ ಮಲಗ್ಯಾಳ ಅಂತೀನಿ."

ನೊರೆ ಬಳಿದ ಮುಖದಲ್ಲೇ ಬಾಗಿಲು ತೆರೆದೆ. ಬೇರೆ ಏನು ಮಾಡಲೂ ತೋಚಲಿಲ್ಲ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದರು.

"ನಿಮಗ ಯಾರ್ ಹೇಳಿದ್ರಿ ಅತ್ತಿ?"

"ಯಾರ್ ಹೇಳಬೇಕು? ಇರೂದೊಂದು ಬಚ್ಚಲು. ರೇಜರ್ ಎರಡು. ನನ್ನ ಮಗಗ ಮುಖ ಒಂದ ಐತಿ." ಅಷ್ಟು ಹೇಳಿ, ನನ್ನ ತೋಳು ಹಿಡಿದು ಮಂಚದವರೆಗೆ ನಡೆಸಿಕೊಂಡು ಬಂದರು. ನೊರೆ ಒರೆಸಿಕೊಳ್ಳಲು ಟವೆಲ್ ಕೊಟ್ಟರು.

ಗುರುವಾರ ಡಾಕ್ಟರು ಒಪ್ಪಿದರು. ಶುಕ್ರವಾರ ಬೆಳಿಗ್ಗೆ ಬಿಸಿಲು ಬಚ್ಚಲ ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ನೀರು ಕಾಯಿಸಿಕೊಂಡೆ. ಅತ್ತೆ ಹಾಲು ತಂದಾಗಿತ್ತು, ಅಡುಗೆಮನೆಯಲ್ಲೇ ಇದ್ದರು. ಅಷ್ಟು ಉದ್ದ ಬೆಳೆದ ಕೂದಲಿಗೆ ನೇರವಾಗಿ ಬ್ಲೇಡು ಹಾಕಿದರೆ ಎಳೆದು ಗುಳ್ಳೆ ಏಳುತ್ತದೆ, ಮೊದಲು ಕತ್ತರಿಸಿ ಗಿಡ್ಡ ಮಾಡಿಕೊಳ್ಳಬೇಕು. ನನ್ನ ಹತ್ತಿರ ಸಣ್ಣ ಕತ್ತರಿ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ.

"ಅತ್ತಿ, ಕತ್ತರಿ ಐತೇನ್ರಿ?"

ಅವರು ಹೊಲಿಗೆಯ ಡಬ್ಬಿ ತೆರೆದು, ಕತ್ತರಿ ತೆಗೆದು, ಅದರ ಅಲಗನ್ನು ಸೆರಗಿನಲ್ಲಿ ಒರೆಸಿ, ಹಿಡಿಕೆಯನ್ನು ನನ್ನ ಕಡೆ ಮಾಡಿ ಕೊಟ್ಟರು. ನಾನು ಬಚ್ಚಲಿಗೆ ಹೋದೆ. ಚಿಲಕ ಹಾಕಿದೆ. ಈ ಸಲ ಅವಸರವಿರಲಿಲ್ಲ.